ಬೀಗಿತ್ತಿ ಪೈಪಿಗೆ ತೊಡಿಸಿದ ಅಂಗಿ

ತೊಲೊಮುಶ್ ತನ್ನ ಒಬ್ಬಳೇ ಮಗಳು ಅನಾರಾಳನ್ನು ಕೆಳಗಿನ ಹಳ್ಳಿಗೆ ಮದುವೆ ಮಾಡಿ ಕೊಟ್ಟಾಗ ಎರಡೂ ಮನೆಯ ಗಂಡಸರು ಸೇರಿ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ಬೀಗರು ಬೀಗರಿಗೆ ಕೊಡಬೇಕಾದ ಕುದುರೆ, ಕೋಟು, ಶಾಲು, ಹಾಸುಗಂಬಳಿಗಳ ಮೆರವಣಿಗೆಯನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದರಲ್ಲಿ ಒಂದು ಪುಟ್ಟ ನೀಲಿ ಟ್ರ್ಯಾಕ್ಟರ್ ಕೊಂಡರು. ಗಡಿಯಾಚೆಯ ಚೀನಾದಿಂದ ಬಂದದ್ದು; ಏಪ್ರಿಕಾಟ್ ಮರಗಳ ಸಾಲಿನೊಳಗೆ ಕೊಂಬೆ ಮುರಿಯದೆ ನುಗ್ಗುವಷ್ಟು ಚಿಕ್ಕದು, ಮುಂದುಗಡೆ ಗೊಬ್ಬರ, ಕಲ್ಲು, ಹಿಮ ಏನನ್ನಾದರೂ ಎತ್ತುವ ಬಕೆಟ್ಟು ಇರುವಂಥದ್ದು. ಒಂದು ವಾರ ಮೇಲಿನ ಹಳ್ಳಿಯಲ್ಲಿ ತೊಲೊಮುಶನ ಅಂಗಳದಲ್ಲಿ, ಮುಂದಿನ ವಾರ ಸರೋವರದ ದಂಡೆಯ ಹಳ್ಳಿಯಲ್ಲಿ, ಬೀಗರಾದ ಅಬ್ದಿರಾಯಿಮನ ಅಂಗಳದಲ್ಲಿ. ಮದುವೆಯಾದದ್ದು ಮಕ್ಕಳಿಗೋ ಅಪ್ಪಂದಿರಿಗೋ ಎಂದು ಎರಡೂ ಊರಿನವರು ಆಡಿಕೊಂಡು ನಕ್ಕರು. ನಗಲಿ ಬಿಡಿ, ಚಳಿಗಾಲದಲ್ಲಿ ಅಂಗಳದ ಹಿಮ ಬಾಚಿಸಿಕೊಡಿ ಎಂದು ಬಂದು ನಿಂತವರೂ ಅವರೇ.

ನಮ್ಮ ಕಡೆ ಬೀಗರೆಂದರೆ ಖಾನನಿಗಿಂತ ಒಂದು ಮೆಟ್ಟಿಲು ಮೇಲೆ. ಬೀಗರು ಬಂದರೆ ಬಾಗಿಲಿನಿಂದ ದೂರದ, ಮೆತ್ತನೆಯ ಜಾಗ ಅವರದು. ಅವರು ಹೇಳಿದ ಜೋಕು ಹಳೆಯದಾಗಿರುವಂತಿಲ್ಲ, ಅವರ ಕುದುರೆ ಕುಂಟುವಂತಿಲ್ಲ, ಅವರ ಮನೆಯ ಚಹಾ ತಣ್ಣಗಿರುವಂತಿಲ್ಲ. ಹೆಣ್ಣು ಕೊಟ್ಟವರಂತೂ ಇನ್ನೂ ಒಂದು ಹಿಡಿ ಹೆಚ್ಚೇ ನಯವಾಗಿರಬೇಕು, ಏಕೆಂದರೆ ತಾವು ಆಡಿದ ಒರಟು ಮಾತಿನ ಬಿಲ್ಲು ಬರುವುದು ಮಗಳ ಹೆಸರಿಗೆ. ತೊಲೊಮುಶ್ ಸಾಮೂಹಿಕ ಬೇಸಾಯದ ಕಾಲದಲ್ಲಿ ಜೀನು, ಲಗಾಮು ಹೊಲಿಯುತ್ತಿದ್ದವನು. ಹೆಂಡತಿ ಕೆಂಜೆಯ ಜೊತೆ ದಿನಕ್ಕೆ ಹತ್ತು ಸಲ ಜಗಳ ಆಡುವವನು. ಆದರೆ ಕೆಳಗಿನ ಹಳ್ಳಿಯ ಗೇಟು ದಾಟಿದರೆ ಸಾಕು, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವನಂತೆ ಮಾತಾಡುತ್ತಿದ್ದ.

ಈ ಬೆಣ್ಣೆ ಮಾತು ಅವನನ್ನು ಸಿಕ್ಕಿಸಿಹಾಕಿದ್ದು ಒಂದು ರಬ್ಬರ್ ಪೈಪಿನ ದೆಸೆಯಿಂದ.

ಟ್ರ್ಯಾಕ್ಟರಿನ ಬಕೆಟ್ಟನ್ನು ಎತ್ತುವುದು ಬೆರಳು ದಪ್ಪದ ಕಪ್ಪು ಹೈಡ್ರಾಲಿಕ್ ಪೈಪುಗಳೊಳಗೆ ಓಡುವ ಎಣ್ಣೆ. ಆ ಎಣ್ಣೆಗೆ ಎಂಜಿನ್ನು ಕೊಡುವ ಒತ್ತಡ ಎಷ್ಟೆಂದರೆ, ಒಂದು ಕುದುರೆಯಷ್ಟು ಭಾರದ ಕಲ್ಲುಗಳನ್ನು ಅದು ಹೂವಿನ ಬುಟ್ಟಿಯ ಹಾಗೆ ಎತ್ತಿಬಿಡುತ್ತದೆ. ಕೊಂಡ ಮೊದಲ ಬೇಸಿಗೆಯಲ್ಲೇ ಎಡಗಡೆಯ ಪೈಪು ಟ್ರ್ಯಾಕ್ಟರಿನ ಚೌಕಟ್ಟಿನ ಒಂದು ಚೂಪು ಮೂಲೆಗೆ ಉಜ್ಜಿ ಉಜ್ಜಿ ಸವೆದು ಎಣ್ಣೆ ಜಿನುಗತೊಡಗಿತು. ಬೀಗರಿಬ್ಬರೂ ಬಾಲಿಕ್ಚಿ ಪೇಟೆಗೆ ಹೋಗಿ, ಹಳೆಯದನ್ನು ತೋರಿಸಿ, ಅಷ್ಟೇ ಉದ್ದದ ಹೊಸ ಪೈಪು ಮಾಡಿಸಿ ತಂದು, ಕೆಳಗಿನ ಹಳ್ಳಿಯ ಅಂಗಳದಲ್ಲಿ ಜೋಡಿಸಿದರು. ಹಳೆಯ ದಾರಿಯಲ್ಲೇ ಜೋಡಿಸಿದರು, ಅದೇ ಚೂಪು ಮೂಲೆಯ ಪಕ್ಕದಲ್ಲೇ. ಅದು ಇಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಬೀಗರ ಕೆಲಸದಲ್ಲಿ ತಪ್ಪು ಹುಡುಕುವವರು ಯಾರು?

ಆಗ ಹೊರಗೆ ಬಂದಳು ಅಬ್ದಿರಾಯಿಮನ ಹೆಂಡತಿ ಜೂರಾ. ಉಣ್ಣೆಯನ್ನು ಒತ್ತಿ ಹಾಸುಗಂಬಳಿ ಮಾಡುವುದರಲ್ಲಿ ಆ ದಂಡೆಯಲ್ಲೇ ಅವಳ ಕೈಯಂಥ ಕೈ ಇನ್ನೊಂದಿಲ್ಲ. ಜೀನಿನಡಿ ಕುದುರೆಯ ಬೆನ್ನು ಉಜ್ಜಿದರೆ ನಾವು ಉಣ್ಣೆ ಹಾಕುವುದಿಲ್ಲವೇ, ಈ ಪಾಪದ ಪೈಪು ಮಾತ್ರ ಬೆತ್ತಲೆ ಇರಬೇಕೇ ಎಂದಳು. ಮುಂದಿನ ಬಾರಿ ಟ್ರ್ಯಾಕ್ಟರ್ ಒಪ್ಪಿಸುವ ದಿನ ಹತ್ತಿರದ ನೆಂಟರನ್ನೆಲ್ಲ ಕರೆದು, ಕುರಿ ಕೊಯ್ಯಿಸಿ, ದಪ್ಪ ಉಣ್ಣೆಬಟ್ಟೆಯ ಒಂದು ಅಂಗಿಯನ್ನು ಪೈಪಿನ ಸುತ್ತ ಬಿಗಿಯಾಗಿ ಸುತ್ತಿ ತಾನೇ ಹೊಲಿದುಬಿಟ್ಟಳು. ಕೆಂಪು ನೆಲದ ಮೇಲೆ ಕಂದು ಬಣ್ಣದ ಟಗರುಕೊಂಬಿನ ಚಿತ್ತಾರ. ಇದು ಟ್ರ್ಯಾಕ್ಟರಿಗೆ ನಮ್ಮ ಮನೆಯ ಕಿಯಿತ್ ಎಂದು ಘೋಷಿಸಿದಳು. ಹಿರಿಯರು ಅಂಗೈ ಎತ್ತಿ ಹರಸಿದರು.

ಕಿಯಿತ್ ಅಂದರೆ ಬೀಗರು ಬೀಗರಿಗೆ ತೊಡಿಸುವ ಬಟ್ಟೆ. ತೊಡಿಸಿದ್ದನ್ನು ತೊಟ್ಟುಕೊಳ್ಳಬೇಕು. ಕೋಟು ಬಿಗಿಯಾದರೂ ಸರಿ, ಕಂಕುಳು ಕಡಿದರೂ ಸರಿ, ಕೊಟ್ಟವರ ಕಣ್ಣೆದುರು ಬಿಚ್ಚುವುದು ಅವರ ಮುಖಕ್ಕೆ ಹೊಡೆದ ಹಾಗೆ. ಪೈಪಿಗೆ ಕಿಯಿತ್ ತೊಡಿಸಿದವರು ಇಡೀ ಸರೋವರದ ಸುತ್ತಿನಲ್ಲಿ ನಮ್ಮವರೇ ಮೊದಲಿಗರಿರಬೇಕು.

ಆಮೇಲಿನದು ಬರೀ ತೊಲೊಮುಶನ ಸಂಕಟ. ಕೆಲವು ವಾರ ಕಳೆದ ಮೇಲೆ ಟ್ರ್ಯಾಕ್ಟರ್ ಅವನ ಸರದಿಗೆ ಬಂದಾಗ ಕೆಂಪು ಅಂಗಿಯ ತಳ ಕಪ್ಪಾಗಿತ್ತು. ಮುಟ್ಟಿದರೆ ಎಣ್ಣೆ. ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಹೊಲಿಗೆ ಬಿಚ್ಚಿ ನೋಡಿದ. ಉಣ್ಣೆ ತೋಟದ ಧೂಳು ಮರಳನ್ನೆಲ್ಲ ಹೀರಿಕೊಂಡು, ಎಣ್ಣೆ ಕುಡಿದು, ಮರಳುಕಾಗದದ ಹಾಗೆ ಪೈಪನ್ನು ಉಜ್ಜಿ ಹಾಕಿತ್ತು. ಅದರ ದಪ್ಪದಿಂದಾಗಿ ಪೈಪು ಆ ಚೂಪು ಮೂಲೆಗೆ ಇನ್ನಷ್ಟು ಒತ್ತಿಕೊಂಡಿತ್ತು. ಮೇಲಿನ ರಬ್ಬರು ಹರಿದು ಒಳಗಿನ ಉಕ್ಕಿನ ತಂತಿ ಹಲ್ಲು ಕಿರಿಯುತ್ತಿತ್ತು. ಅಂಗಿ ಇಲ್ಲದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಅಂಗಿ ಗಾಯವನ್ನು ಮಾಡಿದ್ದೂ ಅಲ್ಲದೆ ಅದನ್ನು ಚೆನ್ನಾಗಿ ಮುಚ್ಚಿಯೂ ಇಟ್ಟಿತ್ತು.

ಕೆಂಜೆ ಸಲಹೆ ಕೊಡುವುದರಲ್ಲಿ ಎಂದೂ ಜಿಪುಣಿಯಲ್ಲ. ಹೋಗಿ ನೆಟ್ಟಗೆ ಹೇಳಿಬಿಡಿ ಎಂದಳು.

"ಹೇಳೋದು ಸುಲಭ ಕಣೆ. ಆಯಮ್ಮ ಮುಖ ಊದಿಸ್ಕೊಂಡ್ರೆ ಆ ಮುಖಾನ ಬೆಳಿಗ್ಗೆ ಸಂಜೆ ನೋಡ್ಬೇಕಾದ್ದು ಯಾರು? ನೀನಾ? ನಾನಾ? ನಮ್ಮ ಅನಾರಾ."

"ಹಂಗಂತ ಪೈಪು ಒಡೆಯೋ ತನಕ ಕಾಯ್ತೀರಾ?"

"ಕಾಯಲ್ಲ. ಬದಲಾಯಿಸ್ತೀನಿ. ಯಾರಿಗೂ ಗೊತ್ತಾಗ್ದಂಗೆ."

ಹಾಗೇ ಮಾಡಿದ. ಬಾಲಿಕ್ಚಿಗೆ ಹೋಗಿ ಹೊಸ ಪೈಪು ಮಾಡಿಸಿ ತಂದು ಜೋಡಿಸಿ, ಅಂಗಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಮತ್ತೆ ತೊಡಿಸಿ, ಜೀನು ಹೊಲಿದ ಕೈಯಲ್ಲವೇ, ನೀಟಾಗಿ ಹೊಲಿದ. ಹೊಲಿದು ಮುಗಿಸಿ ದೂರ ನಿಂತು ನೋಡಿದಾಗ ತನ್ನ ಚಾಣಾಕ್ಷತನಕ್ಕೆ ತಾನೇ ಮೀಸೆ ತಿರುವಿಕೊಂಡ. ಪೈಪು ಮತ್ತೆ ಸವೆಯಿತು, ಅವನು ಮತ್ತೆ ಬದಲಾಯಿಸಿದ. ಪೇಟೆಯ ಪೈಪಿನ ಅಂಗಡಿಯವನು ಇವನನ್ನು ಕಂಡರೆ ಅಳತೆ ಕೇಳುವುದನ್ನೇ ಬಿಟ್ಟ. ಕೊನೆಕೊನೆಗೆ ತೊಲೊಮುಶ್ ಒಂದು ಪೈಪನ್ನು ಎರಡು ತುದಿಗೂ ಬಿರಡೆ ಹಾಕಿ, ಹೃದ್ರೋಗಿಗಳು ಮಾತ್ರೆ ಇಟ್ಟುಕೊಂಡ ಹಾಗೆ, ಎಲ್ಲಿ ಹೋದರೂ ಜೋಳಿಗೆಯಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ.

ಇದರ ಫಲ ಉಂಡದ್ದು ಅಬ್ದಿರಾಯಿಮ್. ಎರಡು ಬೇಸಿಗೆ ಕಳೆದರೂ ಪೈಪು ಹಾಳಾಗಲಿಲ್ಲವೆಂದು, ನಮ್ಮವಳ ಉಣ್ಣೆಯಂಗಿಯ ಮಹಿಮೆಯೆಂದು, ಸಂತೆಯಲ್ಲಿ, ಮದುವೆಮನೆಯಲ್ಲಿ, ಸಾವಿನ ಮನೆಯಲ್ಲೂ ಹೇಳುತ್ತಾ ತಿರುಗಿದ. ಅವನ ಗಂಟಲು ಮೊದಲೇ ಸರೋವರದ ಆಚೆ ದಂಡೆಗೆ ಕೇಳುವಂಥದ್ದು. ಕೇಳಿದವರು ತೊಲೊಮುಶನ ಕಡೆ ತಿರುಗಿ ಹೌದೇ ಎಂದರೆ ಅವನು ಹೌದಪ್ಪಾ ಹೌದು ಎಂದು ತಲೆ ಆಡಿಸಬೇಕು. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಇಷ್ಟು ಸಾಲದು ಎಂಬಂತೆ ಜೂರಾ ಉಳಿದ ಪೈಪುಗಳಿಗೂ ಅಂಗಿ ಹೊಲಿಯತೊಡಗಿದ್ದಾಳೆ ಎಂದು ಅವಳ ಬಾಯಿಂದಲೇ ಕೇಳಬೇಕಾಯಿತು. ಅವಳು ಅದನ್ನು ಹೇಳುವಾಗ ತನ್ನನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದಾಳೆ ಎಂದು ತೊಲೊಮುಶನಿಗೆ ಅನ್ನಿಸಿತ್ತು. ಚಿತ್ತಾರ ಹೊಗಳಲಿ ಎಂದಿರಬೇಕು ಅಂದುಕೊಂಡು ಬಾಯ್ತುಂಬ ಹೊಗಳಿದ್ದ.

ಈ ಬೇಸಿಗೆ ಅಳಿಯ ಕುರಿಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋದ. ಅಬ್ದಿರಾಯಿಮನಿಗೆ ಕಣ್ಣಿನ ಪೊರೆ. ಟ್ರ್ಯಾಕ್ಟರಿನ ಮೇಲೆ ಕೂತವಳು ಅನಾರಾ. ತುಂಬ ಚೆನ್ನಾಗಿ ಓಡಿಸುತ್ತಾಳೆ ಎಂದು ಬಂದವರೆಲ್ಲ ಹೇಳಿದರು. ತೊಲೊಮುಶನಿಗೆ ಅದನ್ನು ಕೇಳಿದ ದಿನದಿಂದ ಊಟ ಸೇರಲಿಲ್ಲ, ಏಕೆಂದರೆ ಆ ಎಡಗಡೆಯ ಪೈಪು ಹಾದುಹೋಗುವುದು ಓಡಿಸುವವರ ಮೊಣಕಾಲಿನ ಪಕ್ಕದಲ್ಲೇ. ಮಗಳ ನೆಮ್ಮದಿಗೆಂದು ಬಾಯಿ ಮುಚ್ಚಿಕೊಂಡಿದ್ದವನು ಈಗ ಮಗಳ ಮೈಕೈಯನ್ನೇ ಪಣಕ್ಕೆ ಇಟ್ಟಿದ್ದ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಇಂಥ ನಯದ ಮನುಷ್ಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಬೀಗರ ಮುಂದೆ ಕೂತಾಗ ನಾನೂ ಇನ್ನೇನು ಮಾಡುತ್ತಿದ್ದೆನೋ ಹೇಳಲಾರೆ.

ಏಪ್ರಿಕಾಟ್ ಕೊಯ್ಲು ಮುಗಿಯುವ ತನಕ ಟ್ರ್ಯಾಕ್ಟರ್ ಕೆಳಗಿನ ಹಳ್ಳಿಯಲ್ಲೇ ಇರಲಿ ಎಂದಾಗಿತ್ತು. ಕೊಯ್ಲಿನ ನಡುವೆ, ಇನ್ನು ತಡೆಯಲಾರದೆ, ಜೋಳಿಗೆ ಹೆಗಲಿಗೆ ಹಾಕಿಕೊಂಡು ಕೆಳಗೆ ಇಳಿದ. ಮಗಳನ್ನು ನೋಡಿ ಹೋಗಲು ಬಂದೆ ಎಂಬುದು ನೆಪ. ತೋಟದಲ್ಲಿ ಅರ್ಧ ಊರೇ ಸೇರಿತ್ತು. ಹೆಂಗಸರು ಮರದಡಿ ಹಣ್ಣು ಆರಿಸುತ್ತಿದ್ದರು. ಪೆಟ್ಟಿಗೆಗಳನ್ನು ಬಕೆಟ್ಟಿನಲ್ಲಿ ಪೇರಿಸಿ ಅನಾರಾ ಅವನ್ನು ಟ್ರೈಲರಿನ ಎತ್ತರಕ್ಕೆ ಏರಿಸುತ್ತಿದ್ದಳು, ಮೇಲೆ ನಿಂತವರು ಇಳಿಸಿಕೊಳ್ಳುತ್ತಿದ್ದರು. ಅಪ್ಪನನ್ನು ಕಂಡು ತಲೆಬಾಗಿ ನಮಸ್ಕರಿಸಿದಳೇ ಹೊರತು ಮಾತಾಡಲಿಲ್ಲ, ಸೊಸೆಯಾದವಳು ಮಾವನೆದುರು ದನಿಯೆತ್ತಬಾರದಲ್ಲ. ಆ ಮನೆಯಲ್ಲಿ ಅವಳ ದನಿ ಕೇಳಿದವರೇ ಕಡಿಮೆ. ಅಬ್ದಿರಾಯಿಮ್ ಬೀಗರನ್ನು ನೆರಳಿಗೆ ಕರೆದು, ಹಣ್ಣಿನ ಪೆಟ್ಟಿಗೆಯ ಒಂದು ರಟ್ಟಿನ ಮುಚ್ಚಳವನ್ನು ಬೀಸಣಿಗೆಯೆಂದು ಕೈಗೆ ಕೊಟ್ಟು, ಅಂಗಿಯ ಮಹಿಮೆಯನ್ನು ಮೊದಲಿನಿಂದ ಶುರು ಮಾಡಿದ.

ತೊಲೊಮುಶನ ಕಣ್ಣು ಅಂಗಿಯ ಮೇಲೇ ಇತ್ತು. ಅರ್ಧಕ್ಕರ್ಧ ಕಪ್ಪಾಗಿದೆ. ಎಂಜಿನ್ನಿನ ಸದ್ದಿನ ಅಡಿಯಲ್ಲಿ ಸಣ್ಣದೊಂದು ಬುಸ್ ಎಂಬ ಸದ್ದು ಬೇರೆ. ಆದರೂ ನೋಡಿ, ಅವನ ತಲೆಯಲ್ಲಿ ಓಡಿದ್ದು ಹಳೆಯ ಲೆಕ್ಕವೇ: ಯಾರೂ ನೋಡದಂತೆ ಕೈಯಾಡಿಸಿ ಎಲ್ಲಿ ಸೋರುತ್ತಿದೆ ಅಂತ ತಿಳಿದುಕೊಂಡುಬಿಡೋಣ, ಊಟದ ಹೊತ್ತಿಗೆ ಏನಾದರೂ ನೆಪ ತೆಗೆದು ಬದಲಾಯಿಸಿಬಿಡೋಣ. ಬೀಗರ ಮಾತಿಗೆ ಹ್ಞೂಂ ಹ್ಞೂಂ ಎನ್ನುತ್ತಲೇ ಎದ್ದು, ಚಿತ್ತಾರ ನೋಡುವವನಂತೆ ಟ್ರ್ಯಾಕ್ಟರಿನ ಪಕ್ಕಕ್ಕೆ ಹೋಗಿ, ಬಲಗೈಯನ್ನು ಅಂಗಿಯ ಹೊಲಿಗೆಯ ಕಡೆಗೆ ಚಾಚಿದ. ಬಕೆಟ್ಟು ಮೇಲಿತ್ತು, ತುಂಬಿತ್ತು, ಪೈಪಿನೊಳಗೆ ಅಷ್ಟೂ ಒತ್ತಡ ನಿಂತಿತ್ತು.

"ಅಪ್ಪಾ! ಕೈ ತೆಗಿ! ಏನ್ ಮಾಡ್ತಿದ್ದೀಯ, ಬುದ್ಧಿ ಇಲ್ವಾ ನಿಂಗೆ!"

ತೋಟಕ್ಕೆ ತೋಟವೇ ಬೆಚ್ಚಿತು. ತೊಲೊಮುಶ್ ಬಲಗೈ ಹಿಂದಕ್ಕೆ ಎಳೆದುಕೊಂಡ ಭರದಲ್ಲಿ ಎಡಗೈಯಲ್ಲಿದ್ದ ರಟ್ಟು ಆ ಜಾಗಕ್ಕೆ ಅಡ್ಡ ಬಂತು. ಟಪ್ ಎಂದಿತು. ಅಷ್ಟೇ. ರಟ್ಟಿನಲ್ಲಿ ಗೋಣಿದಬ್ಬಳ ಚುಚ್ಚಿದಂಥ ತೂತು, ಅದರಾಚೆ ಗಾಳಿಯಲ್ಲಿ ಕೂದಲೆಳೆಯಷ್ಟು ಸಣ್ಣ ಎಣ್ಣೆಯ ಗೆರೆ. ಅನಾರಾ ಟ್ರೈಲರಿನವರನ್ನು ದೂರ ಸರಿಸಿ, ಬಕೆಟ್ಟನ್ನು ನಿಧಾನವಾಗಿ ನೆಲಕ್ಕೆ ಇಳಿಸಿ, ಎಂಜಿನ್ನು ಆರಿಸಿ, ಸನ್ನೆಕೋಲುಗಳನ್ನು ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡವನ್ನೂ ಇಳಿಸಿದಳು. ಬುಸ್ ಸದ್ದು ನಿಂತಿತು. ತೊಲೊಮುಶ್ ರಟ್ಟಿನ ತೂತಿನ ಮೂಲಕ ಬರುತ್ತಿದ್ದ ಬಿಸಿಲನ್ನು ನೋಡಿದ, ತನ್ನ ಅಂಗೈಯನ್ನು ನೋಡಿದ. ಆ ಎಣ್ಣೆ ಚರ್ಮದೊಳಗೆ ನುಗ್ಗಿ ಬೆರಳನ್ನೇ ಕತ್ತರಿಸಬೇಕಾಗಿ ಬಂದವರ ಕತೆಯನ್ನು ಪೈಪಿನ ಅಂಗಡಿಯಲ್ಲಿ ಅವನೂ ಕೇಳಿದ್ದ.

ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಮಾವನೆದುರು ದನಿಯೆತ್ತದ ಸೊಸೆ, ಊರಿನೆದುರು, ಬೀಗರೆದುರು, ಹೆತ್ತ ಅಪ್ಪನ ಮೇಲೆ ಕೂಗಾಡಿಬಿಟ್ಟಿದ್ದಳು. ಅಬ್ದಿರಾಯಿಮ್ ಬೆಟ್ಟದ ಹಿಮವನ್ನು ಇದೇ ಮೊದಲ ಸಲ ಕಂಡವನಂತೆ ನೋಡುತ್ತಾ ನಿಂತ. ಅನಾರಾಳ ಮುಖ ಸುಣ್ಣದಂತಾಗಿತ್ತು. ಹೆಂಗಸರ ನಡುವಿನಿಂದ ಜೂರಾ ಎದ್ದು ಬಂದಳು, ಕೈಯಲ್ಲಿ ಹಣ್ಣು ಸೀಳುವ ಚಾಕು. ಯಾರ ಮುಖವನ್ನೂ ನೋಡದೆ ಟ್ರ್ಯಾಕ್ಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತಾನು ತೊಡಿಸಿದ ಕಿಯಿತ್ತಿನ ಹೊಲಿಗೆಯನ್ನು ತಾನೇ ಟಕಟಕ ಕತ್ತರಿಸತೊಡಗಿದಳು.

"ಬೀಗಿತ್ತಮ್ಮ, ನೀವ್ಯಾಕೆ, ಬಿಡಿ" ಎಂದು ತೊಲೊಮುಶ್ ತೊದಲಿದ.

"ನನ್ ಹೊಲಿಗೆ ಆಗಿದ್ರೆ ಕತ್ತರ್ಸೋಕೆ ಕೈ ಬರ್ತಿರ್ಲಿಲ್ಲ ಬೀಗರೇ. ಇದು ನನ್ದಲ್ಲ. ನಾನು ಬಲಕ್ಕೆ ಹೊಸೆದ ನೂಲು ಒಂದು, ಎಡಕ್ಕೆ ಹೊಸೆದ ನೂಲು ಒಂದು ಜೋಡಿಸಿ ಹೊಲೀತೀನಿ, ಜಡೆ ಹಾಕ್ದಂಗೆ ಕಾಣತ್ತೆ. ಇದು ಒಂದೇ ದಾರ, ಎರಡು ಸೂಜಿ. ಜೀನಿನ ಹೊಲಿಗೆ. ಮೊದಲ್ನೇ ಸಲಾನೇ ನೋಡ್ದೆ."

ಮೊದಲನೇ ಸಲವೇ ನೋಡಿದ್ದರೆ ಯಾಕೆ ಹೇಳಲಿಲ್ಲ ಎಂದು ತೊಲೊಮುಶ್ ಹೇಗೋ ಕೇಳಿದ.

"ನೀವು ಹೇಳ್ಲಿ ಅಂತ ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ. ನೀವು ನೋಡಿದ್ರೆ ಚಿತ್ತಾರ ಹೊಗಳ್ತಾ ಕೂತ್ರಿ. ನಂಗೆ ಹೊಟ್ಟೆ ಉರೀತು. ನನ್ ಕೆಲಸ ಹಿಡಿಸ್ದೆ ಬಿಚ್ಚಿ ಬಿಚ್ಚಿ ನೋಡ್ತಾರೆ, ಎದುರಿಗೆ ಮಾತ್ರ ಜೇನು ಸುರಿಸ್ತಾರೆ ಅಂತ. ಎಷ್ಟು ದಿನ ನಡೆಸ್ತೀರೋ ನೋಡೇಬಿಡೋಣ ಅಂತ ಹಠಕ್ಕೆ ಬಿದ್ದು ಇನ್ನೊಂದಿಷ್ಟು ಅಂಗಿ ಹೊಲ್ದೆ."

ಅಂಗಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಒಳಗಿನ ಪೈಪು ಹೊಟ್ಟೆ ಉಬ್ಬಿಸಿಕೊಂಡು ತಂತಿ ಕಿತ್ತುಬಂದು ಕೂತಿತ್ತು. ಜೂರಾ ಅಂದುಕೊಂಡಿದ್ದು ಬೀಗರು ಏನೋ ಹುಳುಕು ಹುಡುಕುತ್ತಿದ್ದಾರೆ ಎಂದಷ್ಟೇ. ತನ್ನ ಅಂಗಿಯೊಳಗೆ ಇಂಥದ್ದೊಂದು ಬೆಳೆಯುತ್ತಿದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಪೈಪನ್ನು ನೋಡಿದಳು, ಅಲ್ಲಿಂದ ಒಂದು ಗೇಣು ದೂರದ ಸೀಟನ್ನು ನೋಡಿದಳು, ಸೊಸೆಯ ಮೊಣಕಾಲನ್ನು ನೋಡಿದಳು. ಅನಾರಾಳ ಷರಾಯಿಯ ಮೊಣಕಾಲಿನ ಮೇಲೆ ಅಂಗೈಯಗಲ ಎಣ್ಣೆಯ ಕಲೆ ಇತ್ತು. ಹೊಸದಲ್ಲ, ಒಗೆದರೂ ಹೋಗದ ಕಲೆ.

"ಇದು ಯಾವಾಗಿಂದ ಸೋರ್ತಿದೆ?"

ಅತ್ತೆ ಸೊಸೆಯನ್ನು ಕೇಳಿದಳು.

"ಕೊಯ್ಲು ಶುರುವಾದಾಗಿಂದ, ಅತ್ತೆ."

"ಯಾಕೆ ಹೇಳ್ಲಿಲ್ಲ?"

"ನಿಮ್ಗೆ ಹೇಳಿದ್ರೆ ನಿಮ್ ಅಂಗೀನ ಅಂದಂಗೆ ಆಗತ್ತೆ. ಅಪ್ಪಂಗೆ ಹೇಳಿದ್ರೆ ಕದ್ದುಮುಚ್ಚಿ ಬಂದು ಮತ್ತೆ ಪೈಪು ಬದಲಾಯಿಸ್ತಾನೆ. ಅದಕ್ಕೆ ಕಾಲು ಆ ಕಡೆ ಮಡಚ್ಕೊಂಡು ಕೂತ್ಕೊಳ್ತಿದ್ದೆ."

ಹಿರಿಯರ ಮುಖ ಉಳಿಯಲೆಂದು ಹುಡುಗಿ ಇಷ್ಟು ದಿನ ಕಾಲು ಮಡಚಿಕೊಂಡು ಕೂತು ಓಡಿಸಿದ್ದಳು. ತೊಲೊಮುಶ್ ತನ್ನ ಚಾಣಾಕ್ಷತನವೆಂದು ಮೀಸೆ ತಿರುವಿದ್ದೆಲ್ಲ ಬರೀ ಹೇಡಿತನವಾಗಿತ್ತು, ಮಗಳು ಅದನ್ನು ಅಪ್ಪನಿಂದಲೇ ಕಲಿತುಬಂದಿದ್ದಳು. ಜೂರಾ ಧೊಪ್ಪನೆ ನೆಲದ ಮೇಲೇ ಕೂತುಬಿಟ್ಟಳು, ಹೊಸ ಲಂಗಕ್ಕೆ ಎಣ್ಣೆ ಹತ್ತುವುದನ್ನೂ ಲೆಕ್ಕಿಸದೆ.

ಮೊದಲು ಬಾಯಿ ತೆರೆದವನು ತೊಲೊಮುಶ್. ಎಲ್ಲವನ್ನೂ ಹೇಳಿದ: ಎಷ್ಟು ಸಲ ಬಿಚ್ಚಿದೆ, ಎಷ್ಟು ಸಲ ತೊಳೆದೆ, ಉಣ್ಣೆ ಮರಳು ಹಿಡಿಯುತ್ತದೆ, ಎಣ್ಣೆ ಕುಡಿಯುತ್ತದೆ, ಸೋರುವುದನ್ನು ಮುಚ್ಚಿಡುತ್ತದೆ, ಚೂಪು ಮೂಲೆಯ ಪಕ್ಕ ಪೈಪು ಹಾಕಿದ್ದು ನಾವಿಬ್ಬರೂ ಮುದುಕರು ಮಾಡಿದ ತಪ್ಪು. ಅಬ್ದಿರಾಯಿಮನ ಗಂಟಲಿಗೆ ಏನಾಯಿತೋ, ತುಂಬ ಮೆಲ್ಲಗೆ, "ಹಂಗಾದ್ರೆ ಸಾವಿನ ಮನೇಲೂ ನಾನು ಸುಳ್ಳು ಹೇಳ್ಬಿಟ್ನಲ್ಲ ಬೀಗರೇ" ಎಂದ. ಟ್ರೈಲರಿನ ಮೇಲೆ ನಿಂತಿದ್ದವರು ಯಾರೋ ಕಿಸಕ್ಕೆಂದರು. ಆ ಒಂದು ನಗು ಹೊರಟದ್ದೇ ತಡ, ತೋಟದ ಉಸಿರು ಮತ್ತೆ ಆಡತೊಡಗಿತು.

ತೊಲೊಮುಶ್ ಜೋಳಿಗೆಯಿಂದ ಪೈಪು ತೆಗೆದ. ಜೂರಾ ಅದನ್ನು ನೋಡಿ, ಬೀಗರ ಮನೆಗೆ ಎಲ್ಲರೂ ಸಿಹಿ ಹಿಡ್ಕೊಂಡು ಬಂದರೆ ನೀವು ಇದನ್ನ ಹಿಡ್ಕೊಂಡು ಬರ್ತಿದ್ದಿರಾ ಎಂದು ಕಣ್ಣೊರೆಸಿಕೊಂಡಳು. ಗಂಡಸರಿಬ್ಬರೂ ಸ್ಪ್ಯಾನರಿಗೆ ಕೈ ಹಾಕಿದಾಗ ಅವಳು ಅಡ್ಡ ಬಂದಳು. ಈ ಸೀಟಿನಲ್ಲಿ ಕೂರುವವಳು ಯಾರೋ ಅವಳು ಹೇಳಿದಂತೆ ಆಗಲಿ, ನೀವಿಬ್ಬರೂ ಅವಳು ಕೇಳಿದ್ದನ್ನು ಕೈಗೆ ಕೊಡಿ ಎಂದಳು.

ಅನಾರಾ ಮೊದಮೊದಲು ಪಿಸುಗುಟ್ಟುತ್ತಾ ಹೇಳಿದಳು, ಆಮೇಲೆ ಕೆಲಸ ಅವಳ ನಾಚಿಕೆಯನ್ನು ನುಂಗಿಹಾಕಿತು. ಹಳೆಯ ಪೈಪು ಬಿಚ್ಚಿದ ಕೂಡಲೇ ತೆರೆದ ಬಾಯಿಗಳಿಗೆ ಚೊಕ್ಕ ಬಟ್ಟೆ ತುರುಕಿಸಿದಳು, ಒಂದು ಕಣ ಮರಳು ಒಳಗೆ ಹೋದರೂ ಪಂಪು ಹಾಳು ಎಂದು. ಹೊಸ ಪೈಪನ್ನು ಚೂಪು ಮೂಲೆಯ ಪಕ್ಕದಿಂದ ತಪ್ಪಿಸಿ, ಬಕೆಟ್ಟನ್ನು ಹೊತ್ತ ಉಕ್ಕಿನ ತೋಳಿನ ಒಳಬದಿಯಿಂದ ಹಾಯಿಸಿದಳು. ಅದಕ್ಕೆ ಮುಂಚೆ ಅಂಗಿಯೊಂದು ಬೇಕೇ ಬೇಕಲ್ಲ: ಅಬ್ದಿರಾಯಿಮನ ಕೊಟ್ಟಿಗೆಯಲ್ಲಿ ಹಳೆಯ ಬೆಂಕಿ ಆರಿಸುವ ಗಾಡಿಯ ಕ್ಯಾನ್ವಾಸ್ ಪೈಪಿನ ತುಂಡೊಂದು ಬಿದ್ದಿತ್ತು. ಅದನ್ನು ಅಳತೆಗೆ ಕತ್ತರಿಸಿ, ತೊಳೆದು, ಹೊಸ ಪೈಪನ್ನು ಅದರೊಳಗೆ ಸಡಿಲವಾಗಿ ತೂರಿಸಿದಳು. ಎರಡೂ ತುದಿ ತೆರೆದೇ ಬಿಟ್ಟಳು. ಸೋರಿದರೆ ಕೆಳಗಿನ ತುದಿಯಿಂದ ತೊಟ್ಟಿಕ್ಕಿ ಎಲ್ಲರಿಗೂ ಕಾಣಬೇಕು ಎಂದಳು. ತೊಲೊಮುಶ್ ಒಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಬೇಕು, ಅಬ್ದಿರಾಯಿಮ್ ಇನ್ನೊಂದರಿಂದ ಬಿಗಿಯಬೇಕು, ಪೈಪಿನ ಉದ್ದಕ್ಕೂ ಅಚ್ಚಾದ ಬಿಳಿ ಗೆರೆ ತಿರುಚಿಕೊಳ್ಳಬಾರದು. ಅಬ್ದಿರಾಯಿಮನಿಗೆ ಗೆರೆ ಕಾಣದು. "ಮಾವ, ಎಡಕ್ಕೆ. ಇನ್ನೂ. ಅಯ್ಯೋ ಸಾಕು ನಿಲ್ಸಿ" ಎಂದಾಗ ಮಾವ ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತ.

ಎಣ್ಣೆ ತುಂಬಿ, ಎಲ್ಲರನ್ನೂ ದೂರ ಸರಿಸಿ, ಬಕೆಟ್ಟನ್ನು ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಆಡಿಸಿ ನೋಡಿದಳು. ಪೈಪು ಎಲ್ಲೂ ಎಳೆಯಲಿಲ್ಲ, ಎಲ್ಲೂ ಮುಟ್ಟಲಿಲ್ಲ. ಜೂರಾ ಆ ಬೂದುಬಣ್ಣದ ಕ್ಯಾನ್ವಾಸನ್ನು ತಲೆ ಓರೆ ಮಾಡಿ ನೋಡಿ, ನೋಡೋಕೆ ದರಿದ್ರವಾಗಿದೆ ಎಂದಳು. ತೊಲೊಮುಶನ ನಾಲಿಗೆ ಅಭ್ಯಾಸಬಲದಿಂದ, ಇಲ್ಲ ಬೀಗಿತ್ತಮ್ಮ ಎಂದು ಏನೋ ನಯದ ಮಾತಿಗೆ ಹೊರಳಿತು. ತಡೆದುಕೊಂಡು, ಹೌದು ದರಿದ್ರವಾಗಿದೆ ಎಂದ. ಅವಳಿಗೆ ನಗು ಬಂತು.

ಊಟಕ್ಕೆ ಕೂರುವ ಮುಂಚೆ ಅನಾರಾ ಕೈತೊಳೆಯುವ ನೀರು ತಂದು ಅಪ್ಪನ ಮುಂದೆ ನಿಂತಳು. ಎಲ್ಲರೆದುರು ಹಾಗೆ ಕೂಗಿಬಿಟ್ಟೆ, ತಪ್ಪಾಯಿತು ಎಂದಳು. ಅಪ್ಪ ಏನಾದರೂ ಹೇಳುವ ಮುಂಚೆ ಅತ್ತೆಯೇ ಬಾಯಿ ಹಾಕಿದಳು.

"ತಪ್ಪಂತೆ ತಪ್ಪು. ಮದುವೆಯಾಗಿ ಬಂದಾಗಿಂದ ನನ್ ಮುಂದೆ ಒಂದು ಸಲಾನಾದ್ರೂ ಹಂಗೆ ಕೂಗಿದ್ದೀಯೇನೇ? ಅಪ್ಪನ ಕೈ ಹೋಗತ್ತೆ ಅಂತ ನಿಂಗೆ ಜೀವ ಹೋದಂಗಾಯ್ತು, ಕೂಗ್ದೆ. ನಂಗೇನಾದ್ರೂ ಆದ್ರೆ ತಲೆ ಬಗ್ಗಿಸ್ಕೊಂಡು ಸುಮ್ನೆ ನಿಂತಿರ್ತೀಯಾ?"

ಜೂರಾ ಮುಖ ತಿರುಗಿಸಿಕೊಂಡು ರೊಟ್ಟಿ ಮುರಿಯತೊಡಗಿದಳು, ಸ್ವಲ್ಪ ಜೋರಾಗಿಯೇ. ಮೂರು ವರ್ಷದಿಂದ ಸೊಸೆಯ ಮೌನವನ್ನು ಮರ್ಯಾದೆಯೆಂದು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದ ಹೆಂಗಸಿಗೆ ಅದು ಒಳಗೊಳಗೇ ಇಷ್ಟು ಚುಚ್ಚುತ್ತಿತ್ತೆಂದು ತೊಲೊಮುಶನಿಗೆ ಅಂದೇ ಗೊತ್ತಾದದ್ದು.

ಊಟವಾಗಿ ಬಿ‍ಸಿಲು ವಾಲಿದಾಗ ತೊಲೊಮುಶ್ ಹೊರಟ. ಬೀಗರು ಗೇಟಿನ ತನಕ ಬಂದು ಅಪ್ಪಿಕೊಂಡು ಬೀಳ್ಕೊಟ್ಟರು. ತೋಟದಲ್ಲಿ ಮತ್ತೆ ಕೆಲಸ ಶುರುವಾಗಿತ್ತು. ಅನಾರಾ ಎರಡೂ ಕಾಲು ಚಾಚಿ ಆರಾಮಾಗಿ ಸೀಟಿನಲ್ಲಿ ಕೂತಿದ್ದಳು. ಅವನು ರಸ್ತೆಗೆ ಇಳಿದು ಗೋಡೆಯ ಮಗ್ಗುಲಲ್ಲಿ ಹೋಗುತ್ತಿದ್ದಾಗ, ಯಾರಿಗೂ ಕಾಯದೆ ಜೂರಾ ಒಂದು ತುಂಬಿದ ಹಣ್ಣಿನ ಪೆಟ್ಟಿಗೆಯನ್ನು ಒಬ್ಬಳೇ ನೆಲದಿಂದ ಎತ್ತಲು ಬಗ್ಗಿದ್ದು ಕಂಡಿತು. ಎಂಜಿನ್ನಿನ ಸದ್ದನ್ನೂ ಸೀಳಿಕೊಂಡು ಮಗಳ ದನಿ ಬಂತು.

"ಅತ್ತೇ! ಇಳ್ಸಿ ಅದನ್ನ! ಸೊಂಟ ಮುರ್ಕೊಂಡು ಮಲಗಿದ್ರೆ ನಾನೇನ್ ಮಾಡ್ಲಿ?"

ಜೂರಾ ಪೆಟ್ಟಿಗೆಯನ್ನು ಕೈಬಿಟ್ಟಳು. ನೆಟ್ಟಗೆ ನಿಂತು, ತಲೆವಸ್ತ್ರ ಸರಿಮಾಡಿಕೊಂಡು, ಗೋಡೆಯಾಚೆಯ ತೋಟದವರಿಗೂ ಅದು ಕೇಳಿಸಿತೋ ಇಲ್ಲವೋ ಎಂದು ಆ ಕಡೆ ತಿರುಗಿ ನೋಡಿದಳು. ಕೇಳಿಸಿತ್ತು. ತೊಲೊಮುಶ್ ರಸ್ತೆಯಲ್ಲಿ ನಿಂತುಕೊಂಡು ಟೋಪಿಯಿಂದ ಕಣ್ಣು ಒರೆಸಿಕೊಂಡ.